ಪಾಶ್ಚಾಪುರ ಸ್ಟೇಶನ್ ಮತ್ತು ನಮ್ಮ ಶಾಲೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆ ಒಂದಿಷ್ಟು ಮಾತಾಡಪ್ಪಾ, ಹುಡುಗರಿಗೆ ಹುರುಪು ಬರತೈತಿ" ಅಂದರು. ಬಹಳ ಯೋಚಿಸಿದೆ. ಕಂಪ್ಯೂಟರ್ ಬಗ್ಗೆ ನನಗಿಂತ ಹೆಚ್ಚು ಈಗಿನ ಹುಡುಗರಿಗೇ ಗೊತ್ತಿದೆ. ಅದಕ್ಕೇ ನನ್ನನ್ನು ಕಂಪ್ಯೂಟರಿನ ತನಕ ಮುಟ್ಟಿಸಿದ ಒಂದು ಜಾಗದ ಬಗ್ಗೆ ಮಾತಾಡುತ್ತೇನೆ. ಅದು ನಮ್ಮ ಪಾಶ್ಚಾಪುರ ರೈಲ್ವೆ ಸ್ಟೇಶನ್. ಕೊನೆಯಲ್ಲಿ ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳುವುದಿದೆ, ಒಂದು ಬೇಡಿಕೆಯೂ ಇದೆ. ದಯವಿಟ್ಟು ಊಟದ ಗಡಿಬಿಡಿ ಮಾಡಬೇಡಿ.

ಹಿಡಕಲ್‌ಗೆ ರೈಲು ಬರುವುದಿಲ್ಲ. ನಮಗೆ ಬಂದದ್ದು ನೀರು. ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ರಾಜಾ ಲಖಮಗೌಡ ಅಣೆಕಟ್ಟು 51 ಟಿಎಂಸಿ ನೀರು ಹಿಡಿಯುತ್ತದೆ. ಮಳೆಗಾಲ ಬಂತೆಂದರೆ "ಎಷ್ಟು ಅಡಿ ಆಗೇತಿ? 2175 ಮುಟ್ಟೇತೇನು?" ಎಂಬ ಮಾತು ಕೇಳಿಯೇ ನಾವು ಬೆಳೆದದ್ದು. ನೀರು ನಿಂತ ಮೇಲೆ ಎಷ್ಟೋ ಊರುಗಳು ಜಾಗ ಬದಲಿಸಿದವು. ಹುನ್ನೂರಿನ ವಿಠ್ಠಲ ದೇವರ ಗುಡಿ ಮುಳುಗಿತು, ಬೇಸಿಗೆಯಲ್ಲಿ ನೀರು ಇಳಿದಾಗ ಮತ್ತೆ ಕಾಣುತ್ತದೆ. ಊರು ಸರಿದರೂ, ಹೊಲ ಮುಳುಗಿದರೂ, ದೂರದ ಊರಿಗೆ ಹೋಗುವವರು ಮೊದಲು ಮುಖ ಮಾಡುತ್ತಿದ್ದದ್ದು ಪಾಶ್ಚಾಪುರದ ಕಡೆಗೆ ಇಲ್ಲವೇ ಘಟಪ್ರಭಾ ಸ್ಟೇಶನ್ ಕಡೆಗೆ.

ಈ ಹಾದಿ ಹೇಗೆ ಬಂತು ಎಂಬುದನ್ನು ಸ್ವಲ್ಪ ಹೇಳುತ್ತೇನೆ. ಮಕ್ಕಳು ಗಮನವಿಟ್ಟು ಕೇಳಿ.

1876ರಿಂದ 1878ರವರೆಗೆ ನಮ್ಮ ಸೀಮೆಗೆ ದೊಡ್ಡ ಬರ ಬಿತ್ತು. ಬೆಳಗಾವಿ, ಧಾರವಾಡ, ಕಲಾದಗಿ, ಬಳ್ಳಾರಿ ಎಲ್ಲ ಕಡೆ ಜನ ಹಸಿವಿನಿಂದ ಸತ್ತರು. ಬೇರೆ ಕಡೆ ಕಾಳು ಇದ್ದರೂ ಇಲ್ಲಿಗೆ ತರಲು ಎತ್ತಿನ ಬಂಡಿ ಬಿಟ್ಟರೆ ಗತಿಯಿರಲಿಲ್ಲ. ಬರಗಾಲದಲ್ಲಿ ಎತ್ತಿಗೂ ಮೇವಿಲ್ಲ. ಆ ಅನುಭವದ ಮೇಲೆ ಸರ್ಕಾರ ಬರಪೀಡಿತ ಸೀಮೆಗಳಿಗೆ ರೈಲು ಹಾದಿ ಹಾಕಿಸಲು ಹೊರಟಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು ಹೀಗೆ. ಮೊದಲು ಹೋಟಗಿಯಿಂದ ಗದಗಿನ ಹಾದಿ. ಆಮೇಲೆ ಲೋಂಡಾದಿಂದ ಗೋವೆಯ ಕಡೆಗೊಂದು, ಬೆಳಗಾವಿ ಮಿರಜ ದಾಟಿ ಪುಣೆಯ ಕಡೆಗೊಂದು. 1890ರ ಹೊತ್ತಿಗೆ ಪುಣೆಯ ಹಾದಿ ಪೂರ್ಣವಾಯಿತು. ಅದೇ ಹಾದಿಯ ಮೇಲಿನ ಒಂದು ಸಣ್ಣ ನಿಲುಗಡೆ ನಮ್ಮ ಪಾಶ್ಚಾಪುರ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಈ ಊರಿನ ಹೆಸರು ಪಾದಶಾಪುರ ಎಂದಿದೆ. ಬಾದಶಹನ ಊರು ನಮ್ಮ ಬಾಯಲ್ಲಿ ಸವೆದು ಪಾಶ್ಚಾಪುರ ಆಗಿದೆ.

ರೈಲು ಬರೀ ಕಾಳು ತರಲು ಬಂತು ಎಂದೂ ತಿಳಿಯಬೇಡಿ. ಬರುವಾಗ ಕಾಳು, ಹೋಗುವಾಗ ಅರಳೆ. ಕಂಪನಿಯವರು ಲೆಕ್ಕ ಇಲ್ಲದೆ ಒಂದು ಕಬ್ಬಿಣದ ತುಂಡನ್ನೂ ನೆಲಕ್ಕೆ ಹಾಕಿದವರಲ್ಲ. ಅದೇ ದಶಕದಲ್ಲಿ ಗೋಕಾಕ ಫಾಲ್ಸಿನ ನೀರಿನ ಬಲದ ಮೇಲೆ ನೂಲಿನ ಗಿರಣಿ ಎದ್ದಿತು. 1897ರಲ್ಲಿ ಧೂಪದಾಳದ ಒಡ್ಡು ಆಯಿತು, ಕಾಲುವೆಗೆ ನೀರು ಬಂತು. ಹಳಿ, ಗಿರಣಿ, ಕಾಲುವೆ ಮೂರೂ ಹತ್ತಿಪ್ಪತ್ತು ವರ್ಷದೊಳಗೆ ಘಟಪ್ರಭೆಯ ದಂಡೆಗೆ ಬಂದವು. ನಮ್ಮ ಅಣೆಕಟ್ಟು ಪೂರ್ತಿಯಾದದ್ದು 1970ರ ದಶಕದಲ್ಲಿ, ಹೆಚ್ಚುಕಡಿಮೆ ಈ ಶಾಲೆಯ ವಯಸ್ಸೇ ಅದಕ್ಕೂ.

ಗೋಕಾಕ ರೋಡ್, ಚಿಕ್ಕೋಡಿ ರೋಡ್ ಎಂಬ ಸ್ಟೇಶನ್ ಹೆಸರುಗಳನ್ನು ನೋಡಿದ್ದೀರಿ. ಹೆಸರಿನಲ್ಲಿ 'ರೋಡ್' ಬಂದರೆ ಊರು ಅಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಅಲ್ಲಿದೆ ಎಂದರ್ಥ. ಹಳಿ ಹಾಕುವ ಇಂಜಿನಿಯರ್ ಊರು ನೋಡಿ ಹಳಿ ಹಾಕುವುದಿಲ್ಲ. ನೆಲದ ಏರಿಳಿತ ನೋಡುತ್ತಾನೆ, ಹೊಳೆಯನ್ನು ಎಲ್ಲಿ ದಾಟಿದರೆ ಸೇತುವೆ ಖರ್ಚು ಕಡಿಮೆ ಎಂದು ನೋಡುತ್ತಾನೆ. ಜನ ಹಳಿಯ ಕಡೆಗೆ ನಡೆದು ಬರಬೇಕು. ನಮ್ಮ ಹಿರಿಯರು ಹಾಗೆಯೇ ನಡೆದರು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಕೈಯಲ್ಲಿ ಬುತ್ತಿ.

ಮೊದಲ ಕಾಲದ ಹಳಿ ಮೀಟರ್ ಗೇಜ್. ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ. ಪುಣೆಯಿಂದ ಮಿರಜದವರೆಗೆ ಬ್ರಾಡ್ ಗೇಜ್ ಮೊದಲೇ ಆಯಿತು, ನಮ್ಮ ಕಡೆ ಆಗಲಿಲ್ಲ. ಹಾಗಾಗಿ ಪುಣೆ, ಮುಂಬಯಿಗೆ ದುಡಿಯಲು ಹೋಗುವ ನಮ್ಮವರು ಮಿರಜದಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. 'ಮಿರಜದಾಗ ಗಂಟು ಎಣಿಸ್ಕೊ, ಹುಡುಗರನ್ನೂ ಎಣಿಸ್ಕೊ' ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. 1990ರ ದಶಕದಲ್ಲಿ ನಮ್ಮ ಹಾದಿಯೂ ಬ್ರಾಡ್ ಗೇಜ್ ಆಯಿತು. ಯಜಮಾನರೂ ಬದಲಾಗುತ್ತ ಬಂದರು. ಸದರ್ನ್ ಮರಾಠಾ ಹೋಗಿ 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ, 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ. ಐದು ಯಜಮಾನರು ಬಂದರೂ ಹತ್ತುವವರು ಇಳಿಯುವವರು ನಾವೇ.

ಈಗ ನನ್ನ ಕಸುಬಿಗೆ ಸಂಬಂಧಪಟ್ಟ ಒಂದು ಸಂಗತಿ. ಒಂಟಿ ಹಳಿಯ ಮೇಲೆ ಎದುರುಬದುರು ಎರಡು ಗಾಡಿ ಬಂದರೆ ಏನು ಗತಿ? ಅದಕ್ಕೆ ಹಳಬರು ಮಾಡಿದ ಉಪಾಯ ಟೋಕನ್. ಅಕ್ಕಪಕ್ಕದ ಎರಡು ಸ್ಟೇಶನ್‌ಗಳಲ್ಲಿ ಒಂದೊಂದು ಯಂತ್ರ, ನಡುವೆ ತಂತಿ. ಎರಡೂ ಕಡೆಯ ಮಾಸ್ತರರು ಒಪ್ಪಿದಾಗ ಮಾತ್ರ ಒಂದು ಯಂತ್ರದಿಂದ ಒಂದು ಲೋಹದ ಗುಂಡು ಹೊರಬರುತ್ತದೆ. ಆ ಗುಂಡನ್ನು ಬೆತ್ತದ ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಹಾಕಿ ಡ್ರೈವರನ ಕೈಗೆ ಕೊಡಬೇಕು. ಅದು ಕೈಯಲ್ಲಿದ್ದವನಿಗೆ ಮಾತ್ರ ಮುಂದಿನ ಸ್ಟೇಶನ್‌ವರೆಗಿನ ಹಳಿ ಸ್ವಂತ. ಅಲ್ಲಿ ಅದನ್ನು ಮತ್ತೆ ಯಂತ್ರಕ್ಕೆ ಹಾಕುವವರೆಗೆ ಎರಡನೇ ಗುಂಡು ಬರುವುದೇ ಇಲ್ಲ.

ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ 'ಸೆಮಾಫೋರ್' ಎಂಬ ಮಾತು ಬಂತು. ಎರಡು ಪ್ರೋಗ್ರಾಮ್‌ಗಳು ಒಂದೇ ವಸ್ತುವಿನ ಮೇಲೆ ಒಟ್ಟಿಗೆ ಕೈಹಾಕದಂತೆ ತಡೆಯುವ ಉಪಾಯ ಅದು. ನೆದರ್‌ಲೆಂಡ್ಸಿನ ಡೈಕ್‌ಸ್ಟ್ರಾ ಎಂಬ ಪಂಡಿತರು 1960ರ ದಶಕದಲ್ಲಿ ಅದನ್ನು ರೂಪಿಸಿದರು. ಹೆಸರನ್ನು ತೆಗೆದುಕೊಂಡದ್ದು ರೈಲ್ವೆಯ ಕೈಮರದಿಂದ. ತರಗತಿಯಲ್ಲಿ ಪಟ್ಟಣದ ಹುಡುಗರು ತಲೆ ಕೆರೆದುಕೊಳ್ಳುತ್ತಿದ್ದರು. ನನಗೆ ಮಾತ್ರ ಅದು ಕೇಳಿದ ಕೂಡಲೇ ತಿಳಿಯಿತು, ಯಾಕೆಂದರೆ ನಮ್ಮ ಸ್ಟೇಶನ್ ಕಟ್ಟೆಯ ಮೇಲೆ ಕೂತು ಹಳೆಯ ರೈಲ್ವೆ ನೌಕರರೊಬ್ಬರು ಆ ಗುಂಡಿನ ಕತೆಯನ್ನು ಹತ್ತು ಸಲ ಹೇಳಿದ್ದರು. ಆ ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಅಂಕ ಬಂತು. ಅದರಲ್ಲಿ ಅರ್ಧ ಪಾಶ್ಚಾಪುರಕ್ಕೆ ಸೇರಬೇಕು.

ನಾನು ಇಲ್ಲಿಂದ ಹತ್ತನೇ ತರಗತಿ ಪಾಸಾದದ್ದು 2004ರಲ್ಲಿ. ಬೆಳಗಾವಿಯಲ್ಲಿ ಪಿಯುಸಿ ಎರಡು ವರ್ಷ, ಬಿಇ ನಾಲ್ಕು ವರ್ಷ. ರೂಮು ಹಿಡಿಯಲು ನಮ್ಮಪ್ಪನ ಹತ್ತಿರ ರೊಕ್ಕ ಇರಲಿಲ್ಲ. ಬೆಳಿಗ್ಗೆ ಕತ್ತಲಿರುವಾಗಲೇ ಅವ್ವ ರೊಟ್ಟಿ ಬಡಿದು ಬುತ್ತಿ ಕಟ್ಟುತ್ತಿದ್ದಳು. ಟೆಂಪೊ ಹಿಡಿದು ಪಾಶ್ಚಾಪುರ, ಅಲ್ಲಿಂದ ಪ್ಯಾಸೆಂಜರ್ ಗಾಡಿ. ಸುಳಧಾಳ, ಸುಳೇಭಾವಿ, ಸಾಂಬ್ರಾ, ಬೆಳಗಾವಿ. ಕ್ರಾಸಿಂಗ್ ಇಲ್ಲದ ದಿನ ತಾಸಿನ ಹಾದಿ. ಎದುರಿನ ಎಕ್ಸ್‌ಪ್ರೆಸ್‌ಗೆ ದಾರಿ ಬಿಡಬೇಕಾದ ದಿನ ದೇವರೇ ಗತಿ.

ಆ ಗಾಡಿಯೇ ಒಂದು ಊರು. ಕಾಯಿಪಲ್ಲೆ ಬುಟ್ಟಿಯ ಅಜ್ಜಿಯಂದಿರು, ಹಾಲಿನ ಕ್ಯಾನಿನವರು, ಗೌಂಡಿ ಕೆಲಸಕ್ಕೆ ಹೋಗುವವರು, ಕೋರ್ಟಿಗೆ ಅಲೆಯುವವರು, ಆಸ್ಪತ್ರೆಗೆ ಹೋಗುವ ಬಸುರಿ ಹೆಂಗಸರು, ಮತ್ತು ನಾವು ಕಾಲೇಜು ಹುಡುಗರು. ಕನ್ನಡ, ಮರಾಠಿ, ಉರ್ದು ಎಲ್ಲ ಒಂದೇ ಡಬ್ಬಿಯಲ್ಲಿ. ನನಗೆ ಲೆಕ್ಕಪತ್ರ ಓದಲು ಜಾಗ ಮಾಡಿಕೊಡುತ್ತಿದ್ದವಳು ಬದನೆಕಾಯಿ ಮಾರುವ ಒಬ್ಬ ಅಜ್ಜಿ. "ಓದೋ ಹುಡುಗ ಐತಿ, ಸರೀರಿ ಅತ್ತಾಗ" ಎಂದು ದೊಡ್ಡವರನ್ನೂ ಗದರುತ್ತಿದ್ದಳು. ಆಕೆಗೆ ಓದು ಬರುತ್ತಿರಲಿಲ್ಲ. ನಾನು ಫಸ್ಟ್ ಕ್ಲಾಸ್ ಬಂದ ದಿನ ಆಕೆ ಕೊಟ್ಟ ಪೇರಲ ಹಣ್ಣಿನ ರುಚಿ ಈಗಲೂ ನಾಲಿಗೆಯ ಮೇಲಿದೆ.

ಇನ್ನು ನನ್ನ ತಪ್ಪಿನ ಮಾತು.

ಬಿಇ ಮೊದಲ ವರ್ಷ ನಮಗೆ ಸಿ ಪ್ರೋಗ್ರಾಮಿಂಗ್ ಇತ್ತು. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಕಾಲೇಜಿನ ಲ್ಯಾಬ್‌ನಲ್ಲಿ ವಾರಕ್ಕೊಮ್ಮೆ ಸಿಗುವ ಹೊತ್ತು ಸಾಲುತ್ತಿರಲಿಲ್ಲ. ಹೊರಗೆ ಸೈಬರ್ ಕೆಫೆಯಲ್ಲಿ ತಾಸಿಗೆ ಇಷ್ಟು ಎಂದು ಕೊಡಬೇಕು. ಅಪ್ಪ ತಿಂಗಳ ಪಾಸಿಗೆಂದು ಕೊಟ್ಟ ರೊಕ್ಕವನ್ನು ನಾನು ಕೆಫೆಗೆ ಕೊಟ್ಟೆ. ಮೂರು ತಿಂಗಳು ಪಾಸಿಲ್ಲದೆ ಓಡಾಡಿದೆ. ಟಿಸಿ ಬಂದರೆ ಆ ಕಡೆಯ ಡಬ್ಬಿಗೆ ಜಿಗಿಯುವುದು, ಬೆಳಗಾವಿ ಬಂದಾಗ ಹಿಂದಿನ ಕಡೆಯಿಂದ ಇಳಿಯುವುದು. ಸಿಕ್ಕರೆ ಕಡಿಮೆಯೆಂದರೂ 250 ರೂಪಾಯಿ ದಂಡ, ಮನೆಯಲ್ಲಿ ಅಷ್ಟು ರೊಕ್ಕ ಒಟ್ಟಿಗೆ ಇರುತ್ತಿರಲಿಲ್ಲ. ಆದರೂ ಓಡಾಡಿದೆ. ಸಿಕ್ಕಿಬೀಳಲಿಲ್ಲ. ಅದನ್ನು ಜಾಣತನ ಎಂದುಕೊಂಡಿದ್ದೆ.

ಆಗ ಟಿಕೆಟ್ ಕಿಟಕಿಯಲ್ಲಿ ವಯಸ್ಸಾದ ಒಬ್ಬರು ಕೂರುತ್ತಿದ್ದರು. ಒಂದು ಸಂಜೆ ಗಾಡಿ ಇಳಿದು ಹೋಗುತ್ತಿದ್ದವನನ್ನು ಕರೆದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ತಮ್ಮಾ, ಈ ತಿಂಗಳ ನೀ ಕಾಲೇಜಿಗೆ ಹೋಗಿಲ್ಲೇನು?"

"ಹೋಗೇನ್ರೀ, ದಿನಾ ಹೋಗತೇನಿ."

"ನನ್ನ ಪುಸ್ತಕದಾಗ ನೀ ಇಲ್ಲ. ಮೂರು ತಿಂಗಳಾತು, ಈ ಟೇಶನ್ನಿನಿಂದ ನೀ ಹೋಗೇ ಇಲ್ಲ ನೋಡು. ಹಿಂಗ ಹತ್ತು ಮಂದಿ ಹೋಗದಿದ್ರ, ನಾಳೆ ಮ್ಯಾಲಿನವರು ಇಲ್ಲಿ ಗಾಡಿ ಯಾಕ ನಿಲ್ಲಿಸಬೇಕು ಅಂತಾರ. ಆಗ ನಾ ಏನ್ ತೋರಿಸ್ಲಿ?"

ಅಷ್ಟೇ ಹೇಳಿ ಕಿಟಕಿ ಹಾಕಿಕೊಂಡರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಸಿಟ್ಟಾದ, ಆಮೇಲೆ ಕಡ ತಂದು ಪಾಸಿಗೆ ಕೊಟ್ಟ. ಆ ದಿನದಿಂದ ಇಂದಿನವರೆಗೆ ಟಿಕೆಟ್ ಇಲ್ಲದೆ ಗಾಡಿ ಹತ್ತಿಲ್ಲ. ಆದರೆ ಆ ಮೂರು ತಿಂಗಳ ಲೆಕ್ಕ ಇನ್ನೂ ನನ್ನ ಮೇಲಿದೆ.

ಈಗ ನನ್ನ ಕೆಲಸವೇ ಲೆಕ್ಕದ ಕೆಲಸ. ಯಾರು ಎಷ್ಟು ಸಲ ಬಂದರು, ಏನು ಕೊಂಡರು ಎಂದು ಎಣಿಸುವ ಪ್ರೋಗ್ರಾಮ್ ಬರೆಯುತ್ತೇನೆ. ಆ ಹಿರಿಯರು ಹೇಳಿದ್ದು ಎಷ್ಟು ಸತ್ಯ ಎಂದು ದಿನವೂ ಕಾಣುತ್ತೇನೆ. ದಾಖಲೆಯಲ್ಲಿ ಇಲ್ಲದವನು ದೂರದ ಕಚೇರಿಯಲ್ಲಿ ಕೂತವರ ಕಣ್ಣಿಗೆ ಇಲ್ಲವೇ ಇಲ್ಲ. ರೈಲ್ವೆಯವರು 2017ರಲ್ಲಿ ಸ್ಟೇಶನ್‌ಗಳ ದರ್ಜೆಯನ್ನು ಹೊಸದಾಗಿ ಮಾಡಿದರು. ನೋಡಿದ್ದು ವರ್ಷದ ಆದಾಯವನ್ನು ಮತ್ತು ಪ್ರಯಾಣಿಕರ ಸಂಖ್ಯೆಯನ್ನು. ಬದನೆಕಾಯಿ ಅಜ್ಜಿಯ ಗದರಿಕೆಗೆ, ಬಸುರಿಯ ಆಸ್ಪತ್ರೆಗೆ ಆ ಪಟ್ಟಿಯಲ್ಲಿ ಬೇರೆ ಕಾಲಂ ಇಲ್ಲ. ಅವರು ಆ ಪಟ್ಟಿಗೆ ಸೇರುವುದು ಟಿಕೆಟ್ಟಿನ ಮೂಲಕವೇ. ನೀರಿಗೆ ಹೇಗೆ 2175 ಅಡಿಯ ಲೆಕ್ಕವೋ, ಜನರಿಗೂ ಹಾಗೆಯೇ ಒಂದು ಲೆಕ್ಕವಿದೆ.

ಇದು ನಿಜವಾಗಿ ಅರಿವಾದದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ದೇಶದ ಪ್ರಯಾಣಿಕರ ಗಾಡಿಗಳೆಲ್ಲ ನಿಂತವು. ನಾನು ಮನೆಯಿಂದಲೇ ಕೆಲಸ ಮಾಡಲು ಊರಿಗೆ ಬಂದಿದ್ದೆ. ಒಂದು ದಿನ ಸುಮ್ಮನೆ ಪಾಶ್ಚಾಪುರಕ್ಕೆ ಹೋದೆ. ಟಿಕೆಟ್ ಕಿಟಕಿ ಮುಚ್ಚಿತ್ತು. ನಾವು ಗಾಡಿ ಕಾಯುತ್ತಿದ್ದ ಕಲ್ಲಿನ ಬೆಂಚಿನ ಮೇಲೆ ನಾಯಿ ಮಲಗಿತ್ತು. ಗೂಡ್ಸ್ ಗಾಡಿಯೊಂದು ನಿಲ್ಲದೆ ಹೋಯಿತು. ಮುಂದೆ ಪ್ಯಾಸೆಂಜರ್ ಗಾಡಿಗಳು ಒಂದೊಂದಾಗಿ ಮರಳಿದಾಗ ದೇಶದ ತುಂಬ ಅವು 'ಸ್ಪೆಷಲ್' ಎಂಬ ಹೆಸರಿನಲ್ಲಿ ಬಂದವು. ಕನಿಷ್ಠ ದರ 10 ರೂಪಾಯಿ ಇದ್ದದ್ದು 30 ಆಯಿತು. ಮತ್ತೆ 10ಕ್ಕೆ ಇಳಿಯಲು 2024ರ ಫೆಬ್ರವರಿ ಬರಬೇಕಾಯಿತು. ಬುಟ್ಟಿ ಹೊತ್ತು ದಿನಕ್ಕೆ ಇನ್ನೂರು ಮುನ್ನೂರು ದುಡಿಯುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಎಷ್ಟೋ ಜನ ಗಾಡಿಯ ರೂಢಿಯನ್ನೇ ಬಿಟ್ಟರು. ಒಮ್ಮೆ ಬಿಟ್ಟ ರೂಢಿ ಮರಳಿ ಬರುವುದು ಕಷ್ಟ.

ಈಗ ನಮ್ಮ ಹಾದಿ ಚೆಂದವಾಗಿದೆ. ಜೋಡಿ ಹಳಿ ಬಂದಿದೆ, ಮೇಲೆ ವಿದ್ಯುತ್ ತಂತಿ ಬಂದಿದೆ. ಕ್ರಾಸಿಂಗ್‌ಗೆಂದು ತಾಸುಗಟ್ಟಲೆ ಕಾಯುವ ಕಾಲ ಹೋಯಿತು. ಆದರೆ ಹಾದಿ ವೇಗವಾದಷ್ಟೂ ಸಣ್ಣ ಸ್ಟೇಶನ್‌ಗಳ ಮೇಲೆ ಒತ್ತಡ ಹೆಚ್ಚು. ವೇಗದ ಗಾಡಿಗೆ ನಿಲ್ಲುವುದೇ ನಷ್ಟ. ನಿಲ್ಲಲಿ ಎನ್ನಬೇಕಾದರೆ ನಾವು ಕೈಯಲ್ಲಿ ಅಂಕಿ ಹಿಡಿದು ನಿಲ್ಲಬೇಕು.

ಇನ್ನೊಂದು ಮಾತು. ಇದನ್ನು ಹೇಳುವಾಗ ನನಗೆ ಗಂಟಲು ಕಟ್ಟುತ್ತದೆ, ಕ್ಷಮಿಸಿ.

ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಹೇಳುವುದಿಲ್ಲ. ಗಣಿತದಲ್ಲಿ ನನಗಿಂತ ಮುಂದೆ. ಬೀಜಗಣಿತದ ಲೆಕ್ಕ ಸರ್ ಬೋರ್ಡಿನ ಮೇಲೆ ಬರೆದು ಮುಗಿಸುವ ಮೊದಲೇ ಉತ್ತರ ಹೇಳುತ್ತಿದ್ದಳು. ಹತ್ತನೇ ತರಗತಿಯ ನಂತರ ಓದು ನಿಂತಿತು. ದಿನಾ ಬೆಳಗಾವಿಗೆ ಹೋಗಿ ಬರಲು ಖರ್ಚು ಎಲ್ಲಿಂದ ತರುವುದು ಎಂಬುದು ಮನೆಯವರ ಮಾತು. ನನ್ನ ಮನೆಯಲ್ಲೂ ಅದೇ ಮಾತಿತ್ತು, ಆದರೆ ನಾನು ಹುಡುಗ, ನನಗೆ ಕಡ ಸಿಕ್ಕಿತು.

ಬಹಳ ವರ್ಷಗಳ ಮೇಲೆ ನನಗೊಂದು ವಿಷಯ ತಿಳಿಯಿತು. ಹೆಣ್ಣುಮಕ್ಕಳಿಗೆ 12ನೇ ತರಗತಿಯವರೆಗೆ ಮನೆಯಿಂದ ಶಾಲೆ ಕಾಲೇಜಿಗೆ ಹೋಗಿ ಬರಲು ರೈಲಿನ ಎರಡನೇ ದರ್ಜೆಯ ತಿಂಗಳ ಪಾಸ್ ಆಗಲೇ ಉಚಿತವಾಗಿತ್ತು. 2008ರ ರೈಲ್ವೆ ಬಜೆಟ್‌ನಲ್ಲಿ ಅದನ್ನು ಹೆಣ್ಣುಮಕ್ಕಳಿಗೆ ಪದವಿಯವರೆಗೆ, ಗಂಡುಮಕ್ಕಳಿಗೆ 12ನೇ ತರಗತಿಯವರೆಗೆ ಮುಂದುವರಿಸಿದರು. 2004ರಲ್ಲಿ ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ. ಅವಳ ಅಪ್ಪನಿಗೆ ಗೊತ್ತಿರಲಿಲ್ಲ, ದಿನಾ ಸ್ಟೇಶನ್‌ಗೆ ಹೋಗುತ್ತಿದ್ದ ನನಗೂ ಗೊತ್ತಿರಲಿಲ್ಲ. ಪಾಸ್ ಒಂದೇ ಸಿಕ್ಕಿದ್ದರೆ ಅವಳು ಓದುತ್ತಿದ್ದಳು ಎಂದು ನಾನು ಹೇಳಲಾರೆ. ಟೆಂಪೊ ಖರ್ಚಿತ್ತು, ಕತ್ತಲಲ್ಲಿ ಮನೆ ಬಿಡಬೇಕಿತ್ತು, ಮದುವೆಯ ಅವಸರ ಇತ್ತು. ಆದರೆ 'ಖರ್ಚು' ಎಂಬ ಒಂದು ನೆಪವಾದರೂ ಅಂದು ಇಲ್ಲವಾಗುತ್ತಿತ್ತು. ಒಂದು ಕಾಗದದ ಅರ್ಜಿಯ ಮಾತು ಅದು. ಇಂದು ಅವಳ ಮಗಳು ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಾಳೆ.

2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಬಹಳ ಒಳ್ಳೆಯದಾಯಿತು. ಆದರೂ ಬೆಳಗಿನ ಬಸ್ಸುಗಳ ನೂಕುನುಗ್ಗಲು ನೀವೇ ನೋಡಿದ್ದೀರಿ. ಎರಡು ಹಾದಿ ಇದ್ದವರು ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತಾರೆ, ತರಗತಿ ತಪ್ಪುವುದಿಲ್ಲ. ಇನ್ನೊಂದು ಗುಟ್ಟು ಹೇಳುತ್ತೇನೆ: ಒಂದು ತಿಂಗಳ ಪಾಸನ್ನು ರೈಲ್ವೆಯವರು 50 ಪ್ರಯಾಣ ಎಂದು ಎಣಿಸುತ್ತಾರೆ. ನಮ್ಮ ಒಬ್ಬ ಮಗಳು ಪಾಸ್ ಮಾಡಿಸಿದರೆ ತಿಂಗಳಿಗೆ ಐವತ್ತು ಸಲ ನಮ್ಮ ಸ್ಟೇಶನ್ ಬದುಕಿದೆ ಎಂದು ಬರೆದಂತೆ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಸುವರ್ಣ ಮಹೋತ್ಸವಕ್ಕೆ ನಾವು ಹಳೆಯ ವಿದ್ಯಾರ್ಥಿಗಳು ಕಮಾನು ಕಟ್ಟಿಸಬಹುದು, ಕಲ್ಲಿನ ಮೇಲೆ ಹೆಸರು ಬರೆಸಬಹುದು. ಅದರ ಜೊತೆಗೆ ಪ್ರತಿ ವರ್ಷ ಹತ್ತನೇ ತರಗತಿಯ ಫಲಿತಾಂಶ ಬಂದ ಮೇಲೆ ಒಂದು ಭಾನುವಾರ ಇದೇ ಆವರಣದಲ್ಲಿ ಕೂಡೋಣ. ಪಾಸಾದ ಮಕ್ಕಳನ್ನು, ಅವರ ತಾಯಿತಂದೆಯರನ್ನು ಕರೆಯೋಣ. ಯಾವ ಕಾಲೇಜು, ಯಾವ ಗಾಡಿ, ಯಾವ ಬಸ್ಸು, ಯಾವ ಪಾಸ್ ಎಂದು ಒಬ್ಬೊಬ್ಬರಿಗೂ ತಿಳಿಸಿ, ಅರ್ಜಿ ತುಂಬಿಕೊಡೋಣ. ಮನೆಯಿಂದ ಸ್ಟೇಶನ್‌ವರೆಗಿನ ಟೆಂಪೊ ಖರ್ಚು ಕೊಡಲಾಗದ ಮಕ್ಕಳಿಗೆ ನಾವು ಕೊಡೋಣ. ಮೊದಲ ವರ್ಷದ ಆ ಖರ್ಚು ನನ್ನದು. ಇದನ್ನು ದಾನ ಎನ್ನಬೇಡಿ. ಮೂರು ತಿಂಗಳ ಪಾಸಿನ ಬಾಕಿಯನ್ನು ಬಡ್ಡಿ ಸಮೇತ ತೀರಿಸುತ್ತಿದ್ದೇನೆ ಎಂದು ತಿಳಿಯಿರಿ.

ಊರಿನ ಹಿರಿಯರಲ್ಲಿ ಒಂದು ವಿನಂತಿ. ಗಾಡಿಯಲ್ಲಿ ಹೋಗುವಾಗ ಹತ್ತು ರೂಪಾಯಿಯ ಟಿಕೆಟ್ಟಾದರೂ ನಮ್ಮ ಸ್ಟೇಶನ್ನಿನ ಹೆಸರಿನಲ್ಲೇ ತೆಗೆಸಿ. ಯುವಕರು ಮೊಬೈಲಿನಲ್ಲಿ ತೆಗೆದರೂ ಹತ್ತುವ ಸ್ಟೇಶನ್ ಪಾಶ್ಚಾಪುರ ಎಂದೇ ಹಾಕಿ.

ಕೊನೆಯದಾಗಿ ನಮ್ಮ ಶಾಲೆಯ ಮಾತು. ಸಣ್ಣ ಸ್ಟೇಶನ್‌ಗೂ ಸರ್ಕಾರಿ ಶಾಲೆಗೂ ಬಹಳ ಹೋಲಿಕೆಯಿದೆ. ಎರಡೂ ಬಡವರು ಹತ್ತುವ ಜಾಗ. ಎರಡನ್ನೂ ಮೇಲಿನವರು ಅಳೆಯುವುದು ತಲೆ ಎಣಿಸಿ. ಎರಡರಲ್ಲೂ ಹತ್ತಿ ಮುಂದೆ ಹೋದವರು ತಿರುಗಿ ನೋಡುವುದು ಕಡಿಮೆ. ನಾವು ನಮ್ಮ ಮಕ್ಕಳನ್ನು ಬೇರೆ ಶಾಲೆಯ ಹಳದಿ ಬಸ್ಸಿಗೆ ಹತ್ತಿಸಿ, ವರ್ಷಕ್ಕೊಮ್ಮೆ ಇಲ್ಲಿಗೆ ಬಂದು 'ನಮ್ಮ ಶಾಲೆ ಉಳಿಯಬೇಕು' ಎಂದು ಭಾಷಣ ಮಾಡಿದರೆ, ಅದೂ ಟಿಕೆಟ್ ಇಲ್ಲದ ಪ್ರಯಾಣವೇ. ಈ ಮಾತು ಮೊದಲು ನನಗೇ ತಾಗುತ್ತದೆ. ನನ್ನ ಮಗ ಬೆಂಗಳೂರಿನ ದೊಡ್ಡ ಶಾಲೆಯಲ್ಲಿ ಓದುತ್ತಾನೆ. ಅದಕ್ಕೇ ಬರೀ ಮಾತಾಡಿ ಹೋಗದೆ, ಆ ಭಾನುವಾರಕ್ಕೆ ತಪ್ಪದೆ ಬರುತ್ತೇನೆ ಎಂದು ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ. ಪಾಶ್ಚಾಪುರದಲ್ಲಿ ಇಳಿದು ಬರುತ್ತೇನೆ, ಟಿಕೆಟ್ ತೋರಿಸುತ್ತೇನೆ.

ಆ ಕಿಟಕಿಯ ಹಿರಿಯರು ಈಗ ಎಲ್ಲಿದ್ದಾರೋ ತಿಳಿಯದು. ಇದ್ದರೆ ಅವರ ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಳ್ಳಲಿ. ನಾನು ಈ ಊರಿನಿಂದ ಹೋದವನು, ಈ ಶಾಲೆಯಿಂದ ಹೋದವನು.